ಮಳೆ, ಜಲಾಶಯ, ಅಡಿಕೆ ಧಾರಣೆ: ಏಜೆಂಟ್‌ನ ಟೂಲ್ ವಿವರಣೆಗಳು ಎಲ್ಲಿಗೆ ಬಂದವು

ಮನೆಗೆಂದು ಕಟ್ಟುತ್ತಿರುವ ಎಐ ಏಜೆಂಟ್‌ಗೆ ಈಗ ಮೂರು ಟೂಲ್‌ಗಳಿವೆ, ಅಂದರೆ ನಮ್ಮ ಪ್ರಶ್ನೆಗೆ ಉತ್ತರಿಸಲು ಬೇಕಾದ ಮಾಹಿತಿಗೆ ಅದು ಕರೆಯುವ ಪುಟ್ಟ ಪ್ರೋಗ್ರಾಂಗಳು. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮಳೆ ಲೆಕ್ಕ ಒಂದು, ಜಲಾಶಯಗಳ ಮಟ್ಟ ಇನ್ನೊಂದು, ಶಿವಮೊಗ್ಗ ಮತ್ತು ಸಾಗರ ಮಾರುಕಟ್ಟೆಯ ಅಡಿಕೆ ಧಾರಣೆ ಮತ್ತೊಂದು. ಕೋಡ್ ಬೇಗ ಮುಗಿಯಿತು. ಈ ಮಳೆಗಾಲದ ಸಂಜೆಗಳೆಲ್ಲ ಹೋಗುತ್ತಿರುವುದು ಟೂಲ್‌ಗಳ ವಿವರಣೆ ಬರೆಯುವುದಕ್ಕೆ.

ನಾನು ಬಳಸುತ್ತಿರುವುದು ಎಂಸಿಪಿ, ಅಂದರೆ ಎಐ ಮಾಡೆಲ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸಲು ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಮುಕ್ತ ಮಾನದಂಡ. ಅದರಲ್ಲಿ ಮಾಡೆಲ್‌ಗೆ, ಅಂದರೆ ಏಜೆಂಟ್‌ನ ಒಳಗೆ ಪ್ರಶ್ನೆ ಓದಿ ಉತ್ತರ ಬರೆಯುವ ಎಐಗೆ, ಮುಖ್ಯವಾಗಿ ಕಾಣುವುದು ಟೂಲ್‌ನ ಹೆಸರು, ವಿವರಣೆ, ಯಾವ ಮಾಹಿತಿ ಯಾವ ರೂಪದಲ್ಲಿ ಕೊಡಬೇಕೆನ್ನುವ ಜೇಸನ್ ಸ್ಕೀಮಾ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ನಮ್ಮ ಕಡೆ ಎಲ್ಲರಿಗೂ ಗೊತ್ತು ಅಂತ ಯಾರೂ ಬಾಯಿಬಿಟ್ಟು ಹೇಳದ ಸಂಗತಿಯನ್ನೇ ಮೊದಲು ಬರೆಯಬೇಕು.

ಜಲಾಶಯದ್ದೇ ನೋಡಿ. ಮೊದಲಿನ ವಿವರಣೆ "ಜಲಾಶಯದ ನೀರಿನ ಮಟ್ಟ ಕೊಡುತ್ತದೆ" ಎಂದಷ್ಟೇ ಇತ್ತು. "ಲಿಂಗನಮಕ್ಕಿ, ಭದ್ರಾ ಎರಡರಲ್ಲಿ ಯಾವುದು ತುಂಬಕ್ಕೆ ಹತ್ರ ಇದೆ, ಕೇಳು ಮಾರಾಯ" ಅಂದರು ಅಪ್ಪಯ್ಯ. ಮಾಡೆಲ್ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಿ ಲಿಂಗನಮಕ್ಕಿಯೇ ಎಷ್ಟೋ ಪಟ್ಟು ಮುಂದಿದೆ ಎಂದಿತು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಅದು ಸಮುದ್ರ ಮಟ್ಟದಿಂದ ಅಳೆದದ್ದು. ಭದ್ರಾದ 186 ಅಡಿ ಜಲಾಶಯದ್ದೇ ಅಳತೆ. ಗಾಜನೂರಿನ ತುಂಗಾ ಜಲಾಶಯದ್ದು ಮೀಟರಿನಲ್ಲಿ, 588.24. ಮಳೆಗಾಲದಲ್ಲಿ ಪೇಪರ್ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಡೆಲ್‌ಗೆ ಹೇಳಲೇಬೇಕು. ಈಗಿನ ವಿವರಣೆ ಹೀಗಿದೆ:

"ಒಂದು ಜಲಾಶಯದ ಇಂದಿನ ಮಟ್ಟ, ಗರಿಷ್ಠ ಮಟ್ಟ, ತುಂಬಲು ಬೇಕಾದ ಎತ್ತರ ಮೂರನ್ನೂ ಕೊಡುತ್ತದೆ. ಪ್ರತಿ ಜಲಾಶಯದ ಅಳತೆಯ ಮೂಲ ಬೇರೆ. ಎರಡು ಜಲಾಶಯಗಳ ಮಟ್ಟವನ್ನು ನೇರ ಹೋಲಿಸಬಾರದು. ಮಟ್ಟದಿಂದ ಶೇಕಡಾವಾರು ಸಂಗ್ರಹ ಲೆಕ್ಕ ಹಾಕಬಾರದು."

ಕೊನೆಯ ವಾಕ್ಯಕ್ಕೆ ಕಾರಣವಿದೆ. ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ, ತಳದ ಒಂದು ಅಡಿಯ ನೀರಿಗೂ ಮೇಲಿನ ಒಂದು ಅಡಿಯ ನೀರಿಗೂ ಅಜಗಜಾಂತರ.

ಮಳೆಯ ಟೂಲ್ ನನಗೆ ಎಲ್ಲಕ್ಕಿಂತ ಇಷ್ಟ. ನಮ್ಮ ಮನೆಯಲ್ಲಿ ಜೂನ್, ಜುಲೈ ಅಂತ ಯಾರೂ ಮಳೆ ಕೇಳುವುದಿಲ್ಲ. "ಆರಿದ್ರಾ ಎಷ್ಟು ಹೊಯ್ತು? ಹೋದ ವರ್ಷದ ಪುನರ್ವಸುಗಿಂತ ಜಾಸ್ತಿಯಾ?" ಅಂತಲೇ ಕೇಳುವುದು. ಪಂಚಾಂಗದಲ್ಲಿ ದಿನಕ್ಕೊಂದು ನಕ್ಷತ್ರ ಇದೆಯಲ್ಲ, ಅದು ಚಂದ್ರನದು. ಮಳೆ ನಕ್ಷತ್ರ ಸೂರ್ಯನದು, ಒಂದೊಂದೂ ಹದಿಮೂರು-ಹದಿನಾಲ್ಕು ದಿನ ಇರುತ್ತದೆ. ಮಾಡೆಲ್ ಚಂದ್ರನ ನಕ್ಷತ್ರ ಹಿಡಿದರೆ ಒಂದೇ ದಿನದ ಮಳೆ ಕೊಟ್ಟು ಸುಮ್ಮನಾಗುತ್ತದೆ. ಈ ವ್ಯತ್ಯಾಸವನ್ನು ವಿವರಣೆಯಲ್ಲೇ ಬರೆದೆ. ನಕ್ಷತ್ರದ ಹೆಸರುಗಳನ್ನು ಸ್ಕೀಮಾದಲ್ಲಿ ಸಿದ್ಧ ಪಟ್ಟಿಯಾಗಿ ಇಟ್ಟೆ. ತಾರೀಖು ಹುಡುಕುವ ಕೆಲಸ ಕೋಡ್‌ನದ್ದು, ಮಾಡೆಲ್ ಊಹಿಸುವಂತಿಲ್ಲ.

"ನಿನ್ನೆಯ ಮಳೆ" ಎನ್ನುವುದೂ ಸುಲಭವಲ್ಲ. ಹವಾಮಾನ ಇಲಾಖೆಯ ರೀತಿಯಲ್ಲೇ ನಾವೂ ಬೆಳಿಗ್ಗೆ 8.30ಕ್ಕೆ ಅಳೆಯುತ್ತೇವೆ. ಇಂದಿನ ತಾರೀಖಿನಲ್ಲಿ ಬರೆದದ್ದು ಹಿಂದಿನ 24 ಗಂಟೆಯದು. ಅದಕ್ಕೂ ಒಂದು ಸಾಲು ಸೇರಿತು. ಮಿಲಿಮೀಟರ್ ಎಂಬುದನ್ನು ಸ್ಕೀಮಾದಲ್ಲಿ ಮಳೆಯ ಅಂಕಿಯ ಹೆಸರಿಗೇ ಅಂಟಿಸಿದ್ದೇನೆ. ಅಪ್ಪಯ್ಯ ಇಂಚಿನಲ್ಲಿ ಕೇಳಿದರೆ 25.4ರಿಂದ ಭಾಗಿಸುವುದನ್ನೂ ಕೋಡ್ ಮಾಡುತ್ತದೆ.

ಧಾರಣೆಯ ಟೂಲ್‌ಗೆ ಇಷ್ಟು ಹೊತ್ತು ಬೇಕಾಗಲಿಲ್ಲ. ಬೆಲೆ ಕ್ವಿಂಟಲ್‌ಗೆ. ಕನಿಷ್ಠ, ಗರಿಷ್ಠ, ಹೆಚ್ಚು ವ್ಯಾಪಾರವಾದ ಬೆಲೆ ಎಂದು ಮೂರು ಅಂಕಿ ಬರುತ್ತವೆ. "ರೇಟ್ ಎಷ್ಟು" ಎಂದರೆ ಮೂರನೆಯದನ್ನೇ ಹೇಳು ಎಂದು ಬರೆದಿದ್ದೇನೆ. ಗರಿಷ್ಠ ಬೆಲೆ ಕೇಳಿ ಮೂಟೆ ಹೊರಡಿಸುವವರಿಗೆ ಆಗುವ ನಿರಾಸೆ ನನಗೆ ಗೊತ್ತು. ಅಡಿಕೆಯಲ್ಲಿ ಬಗೆಗಳೂ ಇವೆ: ರಾಶಿ ಎಂದರೆ ಬೇಯಿಸಿದ ಕೆಂಪಡಿಕೆ, ಚಾಲಿ ಎಂದರೆ ಹಣ್ಣಡಿಕೆ ಒಣಗಿಸಿದ್ದು. ಹಾಗಾಗಿ ಬಗೆ ಹೇಳದಿದ್ದರೆ ಮೊದಲು ಕೇಳಬೇಕು. ವಹಿವಾಟು ಇಲ್ಲದ ದಿನ ಸೊನ್ನೆ ಬರುವುದಿಲ್ಲ. "ಈ ದಿನ ವಹಿವಾಟು ಇಲ್ಲ, ಹಿಂದಿನ ವಹಿವಾಟಿನ ದಿನವನ್ನು ಕೇಳು" ಎಂಬ ಉತ್ತರವೇ ಬರುತ್ತದೆ. ದೋಷದ ಸಂದೇಶವನ್ನೂ ವಿವರಣೆಯಷ್ಟೇ ಜತನದಿಂದ ಬರೆಯಬೇಕು, ಮಾಡೆಲ್ ಮುಂದಿನ ಹೆಜ್ಜೆ ಇಡುವುದು ಅದನ್ನು ಓದಿಯೇ.

ಎಲ್ಲ ವಿವರಣೆಯೂ ಪ್ರತಿ ಮಾತುಕತೆಯಲ್ಲಿ ಮಾಡೆಲ್‌ನ ಮುಂದೆ ಜಾಗ ಹಿಡಿಯುತ್ತದೆ, ಕನ್ನಡ ಲಿಪಿಗೆ ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಹೆಚ್ಚೇ ಬೇಕು. ಆದರೂ ಕನ್ನಡದಲ್ಲೇ ಉಳಿಸಿಕೊಂಡೆ. ಗೊರಬಲು, ಬೆಟ್ಟೆ, ಸರಕು ಎಂಬ ಅಡಿಕೆಯ ಬಗೆಗಳನ್ನು ಇಂಗ್ಲಿಷಿನಲ್ಲಿ ವಿವರಿಸುವುದಕ್ಕಿಂತ ಇದೇ ಚೊಕ್ಕ.

ಮುಂದಿನದು ಅಡಿಕೆಯ ಕೊಳೆರೋಗದ ಟೂಲ್. ಮಳೆ ಬಿಡುವು ಕೊಟ್ಟಾಗ ಅದರ ಔಷಧಿ ಬೋರ್ಡೋ ದ್ರಾವಣದ ಸಿಂಪಡಣೆಗೆ ಕೆಲಸದವರಿಗೆ ಮೆಸೇಜ್ ಕಳಿಸಬೇಕು. ಉಳಿದ ಮೂರು ಟೂಲ್ ಓದುವುದಷ್ಟೇ ಮಾಡುತ್ತವೆ, ಇದು ಹೊರಗೆ ಕೈ ಹಾಕುತ್ತದೆ. "ಮನೆಯವರು ಒಪ್ಪಿದ ಮೇಲೆ ಮಾತ್ರ ಕಳಿಸು" ಎಂದು ವಿವರಣೆಯಲ್ಲಿ ಬರೆಯುತ್ತೇನೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ. ಅಪ್ಪಯ್ಯ ಫೋನಿನಲ್ಲಿ ಒಪ್ಪಿಗೆ ಒತ್ತುವವರೆಗೆ ಕೋಡ್ ಮೆಸೇಜನ್ನು ತಡೆಹಿಡಿಯುತ್ತದೆ. ಆ ಭಾಗ ಅರ್ಧ ಆಗಿದೆ.