ರೈಟರ್ ಅಜ್ಜನ ಮಳೆ ಲೆಕ್ಕ

ಏಪ್ರಿಲ್ 6, 2025, ಭಾನುವಾರ
ಚಿಕ್ಕಮಗಳೂರು

ಇವತ್ತು ರಾಮನವಮಿ. ನಮ್ಮ ವೃದ್ಧಾಶ್ರಮದಲ್ಲಿ ಎಲ್ಲರಿಗೂ ಪಾನಕ, ಕೋಸಂಬರಿ ಕೊಟ್ಟೆವು. ಇಲ್ಲಿದ್ದ ರೈಟರ್ ಅಜ್ಜ ಯುಗಾದಿ ಮಾರನೇ ದಿನ ತೀರಿಕೊಂಡರು. ಅವತ್ತಿನಿಂದ ಅವರ ಬಗ್ಗೆ ಬರೀಬೇಕು ಅಂತಲೇ ಇದ್ದೆ. ಈಗ ಎಲ್ಲರೂ ಊಟ ಮಾಡಿ ಮಲಗಿದ್ದಾರೆ, ಸ್ವಲ್ಪ ಬಿಡುವು ಸಿಕ್ಕಿತು.

ಅವರ ಫೈಲು ಇಲ್ಲೇ ಮೇಜಿನ ಮೇಲಿದೆ. ಸಕ್ಕರೆ ಕಾಯಿಲೆ, ಬಿಪಿ, ಎಡಗಿವಿ ಮಂದ, ಊಟದಲ್ಲಿ ಉಪ್ಪು ಕಡಿಮೆ. ಎಂಬತ್ತು ದಾಟಿದ ಮನುಷ್ಯನ ಬಗ್ಗೆ ನಾವು ಬರೆದಿಟ್ಟಿರುವುದು ಇಷ್ಟೇ. ನನಗಂತೂ ಇದು ಸರಿ ಅನ್ನಿಸುವುದಿಲ್ಲ.

ಅಜ್ಜ ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಬೆಳಿಗ್ಗೆ ಆಳುಗಳ ಹಾಜರಿ, ಚೆಕ್‌ರೋಲು (ಹಾಜರಿ, ಕೂಲಿ ಬರೆದಿಡುವ ಪುಸ್ತಕ), ಕೊಯ್ಲಿನ ಕಾಲದಲ್ಲಿ ಹಣ್ಣು ತೂಗುವುದು, ವಾರದ ಬಟವಾಡೆ, ಎಲ್ಲಕ್ಕಿಂತ ಜಾಸ್ತಿ ಪ್ರೀತಿಯಿಂದ ಮಾಡಿದ ಕೆಲಸ ಅಂದರೆ ಮಳೆ ಲೆಕ್ಕ. ನಮ್ಮ ತೋಟಗಳಲ್ಲಿ ಈಗಲೂ ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಒಂದು ದಿನ ಮಾತ್ರೆ ಕೊಡಲು ಹೋದಾಗ, ಮಳೆ ನೀರು ಅಳೆಯುವುದು ಹೇಗೆ ಅಂತ ನೀರಿನ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಕೈ ನಡುಗದಂತೆ ಮೊಣಕೈಯನ್ನು ಎದೆಗೆ ಒತ್ತಿಕೊಂಡು ತೋರಿಸಿದರು. "ಮೇಲಿಂದ ಬಗ್ಗಿ ನೋಡಬಾರದು ಮಗಾ, ಸುಳ್ಳು ಲೆಕ್ಕ ಬರುತ್ತೆ."

ಮಾರ್ಚ್ ಬಂತು ಅಂದರೆ ಅವರಿಗೆ ನಿದ್ದೆ ಇಲ್ಲ. ರಾತ್ರಿ ಗುಡುಗಿದರೆ ಬೆಳಿಗ್ಗೆ ಕಾಫಿಗೂ ಮೊದಲು ಕೇಳುತ್ತಿದ್ದರು, "ಎಷ್ಟು ಸೆಂಟು ಬಿತ್ತು?" ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಒಂದು ಇಂಚಾದರೂ ಬರಬೇಕಂತೆ, ಬಂದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಸುಮ್ನೆ ಹತ್ತು ಹದಿನೈದು ಸೆಂಟು ಉದುರಿ ನಿಂತರೆ ಮೊಗ್ಗು ಕೆಡುತ್ತೆ, ಅದಕ್ಕಿಂತ ಬಾರದೇ ಇದ್ದರೇ ವಾಸಿ ಅನ್ನುತ್ತಿದ್ದರು. ಹೂವಾದ ಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಕಾಫಿ ನಾಡಿನಲ್ಲೇ ಹುಟ್ಟಿ ಬೆಳೆದ ನನಗೆ ಇದನ್ನೆಲ್ಲ ಬಿಡಿಸಿ ಹೇಳಿದವರು ಅವರೇ.

ಹಿಂದೆಲ್ಲ ತೋಟದವರು ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೇ (ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುತ್ತಿದ್ದ ವ್ಯವಸ್ಥೆ) ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಆ ಪದ್ಧತಿ 1996ರಲ್ಲಿ ಪೂರ್ತಿ ಹೋಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿಗೆ ಕಾಫಿ ಬೆಳೆ ಹಾಳಾಗಿ ಇಲ್ಲಿ ಕಾಫಿ ರೇಟು ಏರಿದಾಗ ಎಷ್ಟೋ ಸಾಹುಕಾರರು ಕಾರು ತಗೊಂಡರು, ಮನೆ ಕಟ್ಟಿಸಿದರು. ಅಜ್ಜ ಅವರ ಲೆಕ್ಕ ಬರೆದರು. ತಮಗೆ ಅಂತ ಒಂದು ಮನೆ ಆಗಲಿಲ್ಲ. ತೋಟದ ಕ್ವಾರ್ಟರ್ಸ್ ಕೆಲಸ ಇರುವವರೆಗೆ ಮಾತ್ರ, ಅಲ್ವಾ. ಇಡೀ ಆಯಸ್ಸು ಇನ್ನೊಬ್ಬರ ಮನೆಯಲ್ಲಿ ಬದುಕಿ, ಹೆಂಡತಿ ಹೋದ ಮೇಲೆ ಇಲ್ಲಿಗೆ ಬಂದರು.

ಅಪ್ಪನನ್ನು ಇಲ್ಲಿ ಬಿಟ್ಟಿದ್ದಾನೆ ಅಂತ ಮಗನನ್ನು ಬೈದವರಿದ್ದಾರೆ. ನಾನು ಒಪ್ಪುವುದಿಲ್ಲ. ಮಗ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಅಜ್ಜನೇ ಅಲ್ಲಿ ಉಳಿಯಲಿಲ್ಲ. ಮೂರನೇ ಮಹಡಿಯಲ್ಲಿ ಮಳೆ ಬಂದದ್ದೂ ಗೊತ್ತಾಗುವುದಿಲ್ಲ, ಇಲ್ಲಾದರೆ ಕಿಟಕಿಯಿಂದ ಮುಳ್ಳಯ್ಯನಗಿರಿ ಕಡೆಯ ಮೋಡ ಕಾಣುತ್ತೆ ಅಂದರು. ಮಗ ಪ್ರತಿ ತಿಂಗಳು ಬರುತ್ತಿದ್ದರು, ಅಪ್ಪನ ಉಗುರು ಕತ್ತರಿಸಿ, ಶೇವ್ ಮಾಡಿ ಹೋಗುತ್ತಿದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಿನ್ನೆ ನಮ್ಮ ಮ್ಯಾನೇಜರ್ ಹತ್ತಿರ ಮಾತಾಡಿದೆ. ಸೇರುವಾಗ ತುಂಬಿಸುವ ಫಾರ್ಮಿಗೆ ಒಂದು ಹಾಳೆ ಜಾಸ್ತಿ ಹಾಕೋಣ ಸಾರ್, ಏನು ಕೆಲಸ ಮಾಡುತ್ತಿದ್ದರು, ಯಾವ ಊರು, ಏನು ಇಷ್ಟ ಅಂತ. ಅವರು ಹೂಂ ಅಂದರು. ನಾಳೆ ಕೊಪ್ಪದ ಟೀಚರಮ್ಮನಿಂದ ಶುರು ಮಾಡುತ್ತೇನೆ. ಅವರಿಗೆ ಬೆಳಗಿನ ಹೊತ್ತು ನೆನಪು ಚೆನ್ನಾಗಿರುತ್ತೆ, ತಿಂಡಿ ಆದ ತಕ್ಷಣ ಹೋಗಬೇಕು.