ಕೊಚ್ಚದೆ ಬಿಟ್ಟ ಹಿತ್ತಲ ಮೂಲೆ: ಈ ಮಳೆಗಾಲದಲ್ಲಿ ಕಂಡ ಹೂಗಳು

ಜೂನ್ ಕೊನೆ
ಬಟ್ಟೆ ಒಗೆಯುವ ಕಲ್ಲಿನ ಆಚೆ, ಕಾಂಪೌಂಡ್ ಗೋಡೆಯವರೆಗಿನ ಜಾಗವನ್ನು ಈ ಸಲ ಕೊಚ್ಚಿಸುತ್ತಿಲ್ಲ. ಮನೆ ಕಟ್ಟಿದಾಗ ಉಳಿದ ಜಲ್ಲಿ, ಇಟ್ಟಿಗೆ ಚೂರು ಸುರಿದ ಮಣ್ಣು ಅದು, ನೆಟ್ಟ ಗುಲಾಬಿ ಬದುಕಿದ್ದಿಲ್ಲ. "ಹಾವು ಸೇರ್ಕೊಂಡ್ರೆ ಏನ್ ಮಾಡ್ತೀಯೋ?" ಅಂದರು ಅಮ್ಮ. ಸುಮ್ಮನೆ ಹೇಳಿದ ಮಾತಲ್ಲ. ಕಲ್ಲಿನ ಸುತ್ತ ಓಡಾಡುವಷ್ಟು ಜಾಗ ಬೋಳಾಗಿ ಇಡುವುದೆಂದು ಒಪ್ಪಂದವಾಯಿತು. ಕಾಂಗ್ರೆಸ್ ಗಿಡವನ್ನು ಮಾತ್ರ ಹೂ ಬಿಡುವ ಮೊದಲೇ ಕೀಳುತ್ತೇನೆ. ಅದನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಜೀರುಂಡೆಯೂ ಉಳಿಯಿತು, ಗಿಡವೂ ಉಳಿಯಿತು.

ಜುಲೈ ಮೊದಲ ವಾರ
ತುಂಬೆ ಹೂ ಬಿಟ್ಟಿದೆ. ಪೂಜೆಗೆಂದು ಬಿಡಿಸುವಾಗ ಇದನ್ನು ಯಾರೂ ನಿಂತು ನೋಡುವುದಿಲ್ಲ. ಅಗಲವಾದ ಕೆಳತುಟಿ ಜೇನ್ನೊಣಕ್ಕೆ ಕೂರುವ ಜಗಲಿ. ನವಿರು ಕೂದಲಿನ ಮೇಲ್ತುಟಿಯ ಅಡಿಯಲ್ಲಿ ಕೇಸರಗಳು. ನೊಣ ಮಕರಂದಕ್ಕೆ ತಲೆ ತೂರಿಸಿದರೆ ಪರಾಗ ಅದರ ಮೈಮೇಲೆ.

ಜುಲೈ ಮಧ್ಯ
ಕನ್ನೆಸೊಪ್ಪು! ಬೆರಕೆಸೊಪ್ಪಿನ ಸಾರಿಗೆ ಎಷ್ಟೋ ಸಲ ಹಾಕಿದ್ದೇವೆ, ಹೂವಿನ ನೆನಪಿಲ್ಲ. ಕಾರಣ ಸರಳ: ಅದು ಅರಳುವುದು ಬೆಳಿಗ್ಗೆ, ಮಧ್ಯಾಹ್ನದ ಹೊತ್ತಿಗೆ ದಳಗಳು ಕರಗಿ ಮುದ್ದೆಯಾಗಿರುತ್ತವೆ. ಎರಡು ದೊಡ್ಡ ನೀಲಿ ದಳ, ಕೆಳಗೆ ಸಣ್ಣದೊಂದು. ಮೇಲ್ಗಡೆ ಹೊಳೆಯುವ ಹಳದಿ ತುಣುಕುಗಳು ಹುಸಿ ಕೇಸರಗಳು, ನಿಜವಾದವು ಕೆಳಗೆ ಚಾಚಿಕೊಂಡಿವೆ. ಈ ಹೂವಿನಲ್ಲಿ ಮಕರಂದವೂ ಇಲ್ಲ. ಹಳದಿ ತೋರಿಸಿ ನೊಣವನ್ನು ಕರೆಸಿಕೊಳ್ಳುವ ಚಾಲಾಕಿ ಇದು.

ಇದಕ್ಕಿಂತ ದೊಡ್ಡ ಗುಟ್ಟು ಮಣ್ಣೊಳಗಿದೆ. ಒಂದು ಬುಡವನ್ನು ಕುರ್ಪಿಯಿಂದ ನಿಧಾನ ಬಿಡಿಸಿ, ಬಕೆಟ್ ನೀರಲ್ಲಿ ತೊಳೆದೆ. ಬೇರಿನ ಮಧ್ಯೆ ಬಿಳಿ ಕಾಂಡಗಳು, ಅವುಗಳ ಮೇಲೆ ಮೊಗ್ಗು. ಇವು ಎಂದೂ ಅರಳವು. ಮುಚ್ಚಿಕೊಂಡೇ ತಮ್ಮ ಪರಾಗದಿಂದ ತಾವೇ ಬೀಜ ಕಟ್ಟುತ್ತವೆ, ಅದೂ ನೆಲದಡಿಯಲ್ಲೇ. ಮೇಲಿನ ನೀಲಿ ಹೂವಿಗೆ ಒಂದು ನೊಣವೂ ಬಾರದಿದ್ದರೂ ಗಿಡಕ್ಕೆ ಚಿಂತೆಯಿಲ್ಲ. ಕಳೆ ಕೀಳುವವರು ಇದನ್ನು ಯಾಕೆ ಬೈಯುತ್ತಾರೆಂದು ಈಗ ತಿಳಿಯಿತು. ಅಮೆರಿಕದ ಜಾರ್ಜಿಯಾದ ಹತ್ತಿ ಬೆಳೆಗಾರರಿಗೂ ಇದೇ ಗಿಡ ತಲೆನೋವು. ಅಮ್ಮನಿಗೆ ತೋರಿಸಿದೆ. ಮೊಗ್ಗು ನೋಡಿ, "ಅದಕ್ಕೇ ಎಷ್ಟು ಕಿತ್ರೂ ಬರುತ್ತೆ" ಅಂದು ಒಳಗೆ ಹೋದರು.

ಆಗಸ್ಟ್
ಬಾಟನಿ ಲ್ಯಾಬಿನಲ್ಲಿ ಬ್ಲೇಡಿನಿಂದ ಸೀಳುತ್ತಿದ್ದ ಟ್ರೈಡ್ಯಾಕ್ಸ್ ಎಂಬ ಕಳೆಗಿಡ ಜಲ್ಲಿಯ ಮೇಲೆಲ್ಲ ಹರಡಿದೆ. ಸಣ್ಣ ಚಿಟ್ಟೆಗಳೆಲ್ಲ ಅದರ ಮೇಲೇ. ಹುಳಿಸೊಪ್ಪಿನ ಹಳದಿ ಹೂ ಮೋಡ ಕವಿದ ದಿನ ಬಾಯಿ ಬಿಡುವುದೇ ಇಲ್ಲ, ಫೋಟೋಕ್ಕೆ ಬಿಸಿಲು ಕಾಯಬೇಕು. ವಿಷ್ಣುಕ್ರಾಂತಿ ಕಾಣಲಿಲ್ಲ. ಇಲ್ಲಿ ಹುಲ್ಲಿನ ನೆರಳು ಜಾಸ್ತಿ, ಅದಕ್ಕೆ ಬೇಕಾದದ್ದು ಒಣ ಬಯಲು.

ಗಣೇಶನ ಹಬ್ಬದ ಹಿಂದಿನ ದಿನ
ಪಕ್ಕದ ಮನೆ ಆಂಟಿ ಇಪ್ಪತ್ತೊಂದು ಪತ್ರೆಗೆ ಉತ್ತರಾಣಿ ಕೇಳಿಕೊಂಡು ಬಂದರು. "ಮಾರ್ಕೆಟ್ಟಲ್ಲಿ ಹುಡುಕೋದು ತಪ್ತು ಕಣಪ್ಪ!" ಉದ್ದನೆಯ ಕದಿರಿನ ತುದಿಯಲ್ಲಿ ಹಸಿರು ಹೂ, ಲೆನ್ಸ್ ಇಲ್ಲದೆ ಹೂವೆಂದೇ ಅನಿಸದು. ಕೆಳಗಿನ ಕಾಯಿಗಳು ಆಗಲೇ ತಲೆ ತಗ್ಗಿಸಿ, ಆಂಟಿಯ ಸೀರೆಯಂಚಿಗೆ ಅಂಟಿಕೊಂಡವು. ಇನ್ನು ತುಂಬೆ ಬೀಜ ಉದುರಿದ ಮೇಲೆಯೇ ಕತ್ತಿ ಹಿಡಿಯುವುದು.