ಕುದುರೆಗಾಗಿ ರಾಜ್ಯ ರಾಜ್ಯ ಸುತ್ತುವವನಿಗೆ ನೆಂಟರ ಮದುವೆಗೆ ಪುರುಸೊತ್ತಿಲ್ಲವೇ?

ಮದುವೆಯ ಊಟದ ಪಂಕ್ತಿಯಲ್ಲಿ, ಗೃಹಪ್ರವೇಶದಲ್ಲಿ, ನಾಮಕರಣದಲ್ಲಿ ಯಾರಾದರೊಬ್ಬರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು: "ಕುದುರೆಗೆ ಅಂತ ಮಹಾರಾಷ್ಟ್ರ, ರಾಜಸ್ಥಾನ ಎಲ್ಲ ಸುತ್ತುತ್ತೀಯಲ್ಲಪ್ಪ, ನಮ್ಮನೆ ಕಾರ್ಯಕ್ಕೆ ಎರಡು ದಿನ ಮುಂಚೆ ಬರೋಕೆ ಮಾತ್ರ ನಿನಗೆ ಆಗಲ್ಲವಾ?" ಕೇಳುವವರು ದೊಡ್ಡಮ್ಮಂದಿರು, ಚಿಕ್ಕಪ್ಪಂದಿರು, ಬೀಗರ ಕಡೆಯ ಹಿರಿಯರು. ಪ್ರೀತಿಯಿದ್ದೇ ಕೇಳುತ್ತಾರೆ ಎಂಬುದು ನನಗೆ ಗೊತ್ತು. ಎಲೆಯ ಮುಂದೆ ಕುಳಿತು ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನದಲ್ಲವಾದ್ದರಿಂದ ಇಷ್ಟು ದಿನ ಸುಮ್ಮನಿದ್ದೆ. ಈಗ ಬಿಡಿಸಿ ಬರೆಯುತ್ತಿದ್ದೇನೆ.

ಮನೆ ಮಲ್ಲೇಶ್ವರದಲ್ಲಿದ್ದರೂ ನನ್ನ ಕುದುರೆ ಗೌರಿ ಇರುವುದು ದೊಡ್ಡಬಳ್ಳಾಪುರದ ಕಡೆಯ ತೋಟದಲ್ಲಿ. ಅವಳು ಮಾರ್ವಾಡಿ ತಳಿಯವಳು. ಕಿವಿಗಳು ಒಳಕ್ಕೆ ಬಾಗಿ ತುದಿಗೆ ತುದಿ ಮುಟ್ಟುವುದು ಈ ತಳಿಯ ಗುರುತು. ಬೆಂಗಳೂರಿಗೆ ಕುದುರೆಗಳು ಹೊಸತಲ್ಲ. ರೇಸ್ ಕೋರ್ಸ್ ಇದೆ, ಸವಾರಿ ಶಾಲೆಗಳಿವೆ, ಹತ್ತಿರದ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಸವಾರಿ ಮಾಡಿದ ಫವಾದ್ ಮಿರ್ಜಾ ಇದೇ ಊರಿನವರು. ಆದರೆ ಇಲ್ಲಿಯ ಲಾಯಗಳಲ್ಲಿ ಹೆಚ್ಚಾಗಿ ಕಾಣುವುದು ರೇಸಿನ ಥರೋಬ್ರೆಡ್ ತಳಿಯ ಕುದುರೆಗಳು. ಮಾರ್ವಾಡಿ ಕುದುರೆಯ ಕತ್ತು ಹೇಗಿರಬೇಕು, ರೆವಾಲ್ ಎಂದು ಆ ತಳಿಯನ್ನು ಸಾಕುವವರು ಕರೆಯುವ, ಸವಾರನ ಸೊಂಟ ಅಲುಗದ ಆ ನಡೆ ಹೇಗಿರಬೇಕು ಎಂಬುದನ್ನು ನೋಡಿ ಹೇಳಬಲ್ಲ ಕಣ್ಣುಗಳು ಅದರ ಸೀಮೆಯಾದ ರಾಜಸ್ಥಾನದಲ್ಲಿ, ಆ ಕಡೆಯ ಕುದುರೆ ಜಾತ್ರೆಗಳಲ್ಲಿವೆ. ನಮ್ಮ ತಂದೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹೋರಿಯ ಸುಳಿ ನೋಡುವುದನ್ನು ಕಂಡು ಬೆಳೆದವನು ನಾನು. ಅದೇ ರೀತಿ ಬೆರಳಾಡಿಸಿ ಕುದುರೆಯ ಹಣೆಯ ಮತ್ತು ಕತ್ತಿನ ಸುಳಿಗಳನ್ನು ಓದುವ ಮುದುಕರನ್ನು ಮೊದಲ ಸಲ ನೋಡಿದ್ದು ಮಹಾರಾಷ್ಟ್ರದಲ್ಲಿ ತಾಪಿ ನದಿಯ ದಂಡೆಯ ಸಾರಂಗಖೇಡದ ಕುದುರೆ ಜಾತ್ರೆಯಲ್ಲಿ. ಅಂಥವರ ಮುಂದೆ, ನೂರಾರು ಕುದುರೆಗಳ ನಡುವೆ ನಿಲ್ಲಿಸಿದಾಗಲೇ ನನ್ನ ಕುದುರೆಯಲ್ಲಿ ಏನಿದೆ, ಏನಿಲ್ಲ ಎಂಬುದು ನನಗೆ ತಿಳಿಯುವುದು. ಅದಕ್ಕಾಗಿ ಹೋಗುತ್ತೇನೆ.

ಇನ್ನು ದಿನಾಂಕಗಳ ವಿಷಯ. ನೆಂಟರ ಕಾರ್ಯಕ್ಕೂ ಕುದುರೆ ಜಾತ್ರೆಗೂ ಘರ್ಷಣೆ ಬರುವುದು ನನ್ನ ಹಟದಿಂದಲ್ಲ, ಎರಡೂ ಒಂದೇ ಪಂಚಾಂಗವನ್ನು ನೋಡಿ ನಿಶ್ಚಯವಾಗುವುದರಿಂದ. ಪುಷ್ಕರದ ಮೇಳ ಕಾರ್ತಿಕ ಹುಣ್ಣಿಮೆಗೆ, ಸಾರಂಗಖೇಡದ ಜಾತ್ರೆ ದತ್ತ ಜಯಂತಿಗೆ, ಅಂದರೆ ಮಾರ್ಗಶಿರ ಹುಣ್ಣಿಮೆಗೆ. ಪಂಜಾಬಿನ ಮುಕ್ತಸರದಲ್ಲಿ ಸಂಕ್ರಾಂತಿಯ ಹೊತ್ತಿಗೆ ಮಾಘಿ ಮೇಳ. ಬಾಡಮೇರ್ ಕಡೆಯ ತಿಲವಾಡದಲ್ಲಿ ಲೂಣಿ ನದಿಯ ಮರಳಿನ ಮೇಲೆ ಸೇರುವ ಮಲ್ಲಿನಾಥ ಮೇಳ ಅವರ ಲೆಕ್ಕದಲ್ಲಿ ಚೈತ್ರ ಬಹುಳ ಏಕಾದಶಿಯಿಂದ ಶುದ್ಧ ಏಕಾದಶಿಯವರೆಗೆ ನಡೆಯುತ್ತದೆ. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಅವರ ಚೈತ್ರ ಬಹುಳ ನಮಗೆ ಫಾಲ್ಗುಣ ಬಹುಳ. ಹಾಗಾಗಿ ನಮ್ಮ ಯುಗಾದಿ ಆ ಮೇಳದ ನಡುಮಧ್ಯಕ್ಕೆ ಬಂದು ಬೀಳುತ್ತದೆ. ಯುಗಾದಿಯ ದಿನ ಮನೆಯಲ್ಲಿ ಇರದಿರುವುದು ನನ್ನಿಂದಾಗದು. ತಿಲವಾಡಕ್ಕೆ ಇದುವರೆಗೆ ಹೋಗಿಲ್ಲ.

ದತ್ತ ಜಯಂತಿಯದು ಇನ್ನೂ ಸೂಕ್ಷ್ಮ. ನಮ್ಮ ಮನೆಗಳಲ್ಲಿ ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಹಿಡಿದರೆ ಸಂಕ್ರಾಂತಿಯವರೆಗೆ ಮದುವೆಯಿಲ್ಲ. ಧನುರ್ಮಾಸ ಸೂರ್ಯನ ಲೆಕ್ಕದ್ದು, ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ. ದತ್ತ ಜಯಂತಿ ಚಂದ್ರನ ಲೆಕ್ಕದ್ದು, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿದು, ಅಧಿಕ ಮಾಸ ಬಂದ ವರ್ಷ ಮುಂದಕ್ಕೆ ಹಾರುತ್ತದೆ. 2023ರಲ್ಲಿ ಅದು ಡಿಸೆಂಬರ್ 26ಕ್ಕೆ, ಧನುರ್ಮಾಸದ ಒಳಗೇ ಬಂದಿತ್ತು. ಯಾರ ಮದುವೆಯೂ ಇರಲಿಲ್ಲ, ನಿಶ್ಚಿಂತೆಯಿಂದ ಹೋಗಿಬಂದೆ. 2024ರಲ್ಲಿ ಡಿಸೆಂಬರ್ 14ಕ್ಕೆ ಬಂತು. ಧನುರ್ಮಾಸಕ್ಕೆ ಮೊದಲು ಮುಗಿಸಬೇಕೆಂದು ಎಲ್ಲರೂ ಮದುವೆ ಇಟ್ಟುಕೊಳ್ಳುವ ಕಾಲ ಅದು, ಪುಣೆಯಲ್ಲಿರುವ ನನ್ನ ತಂಗಿಯ ಮಗಳ ಮದುವೆಯೂ ಅದರ ಹಿಂದಿನ ವಾರವೇ ಗೊತ್ತಾಯಿತು. ನಾನು ಸೋದರಮಾವ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು.

ಬೆಂಗಳೂರಿನಿಂದ ಸಾರಂಗಖೇಡಕ್ಕೆ ಹೋಗುವ ದಾರಿ ಪುಣೆಯ ಮೇಲೆಯೇ ಹಾದುಹೋಗುವುದರಿಂದ ಎರಡನ್ನೂ ಒಂದೇ ಪ್ರಯಾಣದಲ್ಲಿ ಮಾಡಬಹುದೆಂದು ಲೆಕ್ಕ ಹಾಕಿದೆ. ಮುಹೂರ್ತಕ್ಕೆ ನಾಲ್ಕು ದಿನ ಮೊದಲು ಹೊರಡುವುದು, ಮೊದಲ ರಾತ್ರಿ ಮತ್ತು ಮರುದಿನ ಹುಬ್ಬಳ್ಳಿಯ ಅತ್ತೆಯ ಮನೆಯಲ್ಲಿ ತಂಗುವುದು, ಆಮೇಲೆ ನಿಧಾನವಾಗಿ ಸಾಗಿ ವರಪೂಜೆಯ ಮಧ್ಯಾಹ್ನ ಪುಣೆ ಸೇರುವುದು. ಕಾಗದಪತ್ರಗಳೆಲ್ಲ ಸಿದ್ಧವಿದ್ದವು. ಕುದುರೆ ರಾಜ್ಯದ ಗಡಿ ದಾಟಬೇಕಾದರೆ ಪಶುವೈದ್ಯರ ಪ್ರಮಾಣಪತ್ರ ಬೇಕು, ಗ್ಲ್ಯಾಂಡರ್ಸ್ ಇಲ್ಲವೆಂದು ಹೇಳುವ ರಕ್ತಪರೀಕ್ಷೆಯ ವರದಿ ಬೇಕು. ಮನುಷ್ಯರಿಗೂ ಅಂಟಬಲ್ಲ ಆ ರೋಗ ಕಂಡುಬಂದ ಕುದುರೆಯನ್ನು ಉಳಿಸಿಕೊಳ್ಳಲು ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಲ್ಲಿ ಅವಕಾಶವಿಲ್ಲ, ಆದ್ದರಿಂದ ಆ ವರದಿ ಕೈಗೆ ಬರುವ ತನಕ ನನಗೆ ಸರಿಯಾಗಿ ನಿದ್ದೆ ಬರುವುದಿಲ್ಲ. ವಾಹನವೂ ಅಷ್ಟೇ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಕುದುರೆಯ ಮುಖ ಹಾದುಹೋಗುವ ವಾಹನಗಳಿಗೆ ವಿಮುಖವಾಗಿ ಎಡಕ್ಕಿರಬೇಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಗಟ್ಟಿ ಬಿದಿರಿನ ಅಡ್ಡಗಳಿರಬೇಕು. ಬರೆದವರು ಕುದುರೆಯ ಪಕ್ಕದಲ್ಲಿ ನಿಂತು ಪ್ರಯಾಣ ಮಾಡಿದವರೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ನಾನು ಎಡವಿದ್ದು ನೀರಿನ ವಿಷಯದಲ್ಲಿ. ಓಡುವ ವಾಹನದಲ್ಲಿ ಕುದುರೆ ಸುಮ್ಮನೆ ನಿಂತಿರುವುದಿಲ್ಲ; ಪ್ರತಿ ತಿರುವಿಗೆ, ಪ್ರತಿ ಬ್ರೇಕಿಗೆ ನಾಲ್ಕು ಕಾಲಿನಲ್ಲಿ ತೂಕ ಸರಿಪಡಿಸುತ್ತಲೇ ಇರುತ್ತದೆ, ಬೆವರುತ್ತದೆ, ದಣಿಯುತ್ತದೆ. ಕತ್ತನ್ನು ಎತ್ತರಕ್ಕೆ ಕಟ್ಟಿಯೇ ಇಟ್ಟರೆ ಮೂಗು ಗಂಟಲಿನ ಕಲ್ಮಷ ಕೆಳಗಿಳಿಯದೆ ಶ್ವಾಸಕೋಶಕ್ಕೆ ತೊಂದರೆಯಾಗುತ್ತದೆ, ಅದಕ್ಕೆ ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ತಲೆ ತಗ್ಗಿಸಿ ಹುಲ್ಲು ತಿನ್ನಲು ಬಿಡಬೇಕು. ಅದನ್ನು ಮಾಡಿದೆ. ಆದರೆ ಪ್ರತಿ ಸಲ ತೋಟದ ಬಾವಿಯ ನೀರನ್ನೇ ಕ್ಯಾನುಗಳಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದವನು ಅಂದು ಮದುವೆಯ ಸೀರೆ, ಬೆಳ್ಳಿ ಸಾಮಾನು, ತಾಂಬೂಲದ ತೆಂಗಿನಕಾಯಿಗಳ ಗಡಿಬಿಡಿಯಲ್ಲಿ ಕ್ಯಾನುಗಳನ್ನು ಮರೆತೆ. ಹಿರಿಯೂರಿನಲ್ಲಿ ಕೊಟ್ಟ ನೀರನ್ನು ಗೌರಿ ಮೂಸಿ ಮುಖ ತಿರುಗಿಸಿದಳು. ರಾಣೆಬೆನ್ನೂರಿನಲ್ಲೂ ಅಷ್ಟೆ. ದಿನಕ್ಕೆ 25ರಿಂದ 40 ಲೀಟರ್ ಕುಡಿಯುವ ಪ್ರಾಣಿ ಬೆಳಗಿನಿಂದ ಒಂದು ಗುಟುಕೂ ಕುಡಿಯದೆ ಹುಬ್ಬಳ್ಳಿಯಲ್ಲಿ ಇಳಿಯಿತು.

ಅತ್ತೆಯ ಹಿತ್ತಲಲ್ಲಿ ಹಳೆಯ ದನದ ಕೊಟ್ಟಿಗೆ ಇನ್ನೂ ಇದೆ. ರಾತ್ರಿ ಒಂಬತ್ತರ ಹೊತ್ತಿಗೆ ಗೌರಿ ಮುಂಗಾಲಿನಿಂದ ನೆಲ ಕೆರೆಯತೊಡಗಿದಳು, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಳು. ಕುದುರೆ ಸಾಕಿದವರಿಗೆ ಆ ನೋಟದ ಅರ್ಥ ಗೊತ್ತು. ಕುದುರೆಗೆ ವಾಂತಿಯಾಗುವುದಿಲ್ಲ, ಕರುಳಿನಲ್ಲಿ ಕಟ್ಟಿಕೊಂಡದ್ದು ಮುಂದಕ್ಕೆ ಸರಿಯದಿದ್ದರೆ ಹೊಟ್ಟೆನೋವೇ ಪ್ರಾಣಕ್ಕೆ ಬರುತ್ತದೆ. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಎರಡು ಸೆಕೆಂಡಿನಲ್ಲಿ ಮರಳಬೇಕಾದ ಕೆಂಪು ನಿಧಾನವಾಗಿ ಮರಳಿತು. ಪಶುವೈದ್ಯರು ಬಂದು ಮೂಗಿನಿಂದ ಕೊಳವೆ ಇಳಿಸಿ ನೀರು, ಲವಣ ಕೊಟ್ಟರು, ನೋವಿಗೆ ಚುಚ್ಚುಮದ್ದು ಹಾಕಿದರು, ನಾಳೆ ಸಂಜೆಯ ತನಕ ನೋಡಬೇಕು ಎಂದು ಹೇಳಿ ಹೋದರು. ನಾನು ಮತ್ತು ಕುದುರೆ ನೋಡಿಕೊಳ್ಳುವ ಸೈಸ ಸರದಿಯ ಮೇಲೆ ಅವಳನ್ನು ಹಿತ್ತಲಿನಲ್ಲಿ ನಡೆಸಿದೆವು. ಎಪ್ಪತ್ತು ದಾಟಿದ ಅತ್ತೆ ಕಂಬಳಿ ಹೊದ್ದು ಬಾವಿಕಟ್ಟೆಯ ಮೇಲೆ ಕುಳಿತೇ ಇದ್ದರು. ನಸುಕಿನಲ್ಲಿ ಎದ್ದು ಬಂದು, ಹೇಳದೆ ಕೇಳದೆ ಗೌರಿಯ ಪಕ್ಕೆಗೆ ಕಿವಿಯಿಟ್ಟರು. ನಲವತ್ತು ವರ್ಷ ಹುಬ್ಬಳ್ಳಿಯಲ್ಲಿದ್ದು ಅಲ್ಲಿಯ ಮಾತೇ ಅವರ ಮಾತಾಗಿದೆ. "ಒಳಗ ಗುಡುಗುಡು ಅನ್ನಾಕತ್ತೈತಿ. ಇನ್ನ ಹೆದರಬ್ಯಾಡ," ಎಂದರು. ಸ್ವಲ್ಪ ಹೊತ್ತಿಗೆ ಗೌರಿ ಲದ್ದಿ ಹಾಕಿದಳು. ಅತ್ತೆ ಸ್ನಾನದ ಹಂಡೆಯಲ್ಲಿ ಬೆಲ್ಲ ಕದಡಿದ ನೀರನ್ನು ತಂದಿಟ್ಟರು, ಗೌರಿ ಮುಸುಡಿಯನ್ನು ಅದರೊಳಗೆ ಇಳಿಸಿ, ಗಂಟಲು ಏರಿಳಿಯುತ್ತಿದ್ದಂತೆ ಕುಡಿದೇ ಕುಡಿದಳು. ನೀರು ಮುಗಿದ ಮೇಲೂ ಹಂಡೆಯ ತಳವನ್ನು ನೆಕ್ಕುತ್ತಿದ್ದಳು. ನಾನು ಬಾವಿಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ.

ವೈದ್ಯರು ಇನ್ನೊಂದು ದಿನ ಕದಲಿಸಬೇಡಿ ಎಂದರು. ಸೈಸನ ಜೊತೆ ಅವಳನ್ನು ಬಿಟ್ಟು ಬಸ್ಸು ಹಿಡಿಯಬಹುದಿತ್ತು ಎಂದು ಆಮೇಲೆ ಹಲವರು ಹೇಳಿದ್ದಾರೆ. ಮತ್ತೆ ನೋವು ಮರುಕಳಿಸಿದರೆ ನಿರ್ಧಾರ ತೆಗೆದುಕೊಳ್ಳಬೇಕಾದವನು ನಾನು, ಹಾಗಾಗಿ ನಿಂತೆ. ದೇವರ ಸಮಾರಾಧನೆ ತಪ್ಪಿತು, ವರಪೂಜೆಯೂ ತಪ್ಪಿತು. ಗೌರಿಯನ್ನು ಪುಣೆಯ ಹೊರಗಿನ ಲಾಯದಲ್ಲಿ ಬಿಟ್ಟು ಛತ್ರಕ್ಕೆ ಬಂದಾಗ ನಡುರಾತ್ರಿ ಕಳೆದಿತ್ತು. ತಂಗಿ ಎರಡು ದಿನದ ಕೋಪವನ್ನು ಅಲ್ಲಿಯೇ, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿ ಮುಗಿಸಿದಳು; ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಬೆಳಿಗ್ಗೆ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವಳು ಮೆಲ್ಲಗೆ ಕೇಳಿದ್ದು ಒಂದೇ: "ಮಾವ, ಗೌರಿ ಹೇಗಿದ್ದಾಳೆ?" ಆ ವರ್ಷ ಗೌರಿಯನ್ನು ಸಾರಂಗಖೇಡದ ಸ್ಪರ್ಧೆಯಲ್ಲಿ ಇಳಿಸಲಿಲ್ಲ, ಪುಣೆಯಲ್ಲಿ ಹತ್ತು ದಿನ ವಿಶ್ರಾಂತಿ ಕೊಟ್ಟು ವಾಪಸು ಕರೆತಂದೆ.

ಹಾಗಾದರೆ ಪ್ರಶ್ನೆಗೆ ನನ್ನ ಉತ್ತರವೇನು? ಕುದುರೆಯ ಜೊತೆ ಹೊರಟವನಿಗೆ ಅವಸರವೆಂಬುದು ಸಾಧ್ಯವಿಲ್ಲ. ಎರಡು ದಿನದ ದಾರಿಗೆ ನಾಲ್ಕು ದಿನ ಇಟ್ಟುಕೊಳ್ಳಬೇಕು, ಆ ನಾಲ್ಕು ದಿನವೂ ಸಾಲದೆ ಬಂದರೆ ಒಪ್ಪಿಕೊಳ್ಳಬೇಕು. ಅದರಿಂದ ಒಂದೆರಡು ಕಾರ್ಯಗಳು ನನಗೆ ತಪ್ಪಿವೆ, ಆ ನೋವು ನನಗೂ ಇದೆ. ಆದರೆ ಮುಹೂರ್ತಕ್ಕೆ ವಿಮಾನದಲ್ಲಿ ಬಂದು ಊಟ ಮುಗಿಸಿ ಸಂಜೆಗೆ ಹಾರಿಹೋಗುವವರನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಗೌರಿಯ ದೆಸೆಯಿಂದ ಹುಬ್ಬಳ್ಳಿಯ ಮನೆಯಲ್ಲಿ ನಾನು ಕಳೆದಷ್ಟು ರಾತ್ರಿಗಳನ್ನು ನನ್ನ ಯಾವ ಅಣ್ಣತಮ್ಮಂದಿರೂ ಕಳೆದಿಲ್ಲ. ಅತ್ತೆಗೆ ಯಾವ ಮೊಣಕಾಲು ನೋಯುತ್ತದೆ, ಮಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾವ ಕೋಣೆಯ ದೀಪ ರಾತ್ರಿಯಿಡೀ ಉರಿಯುತ್ತದೆ ಎಂಬುದು ನನಗೆ ಗೊತ್ತಿರುವುದು ಅಲ್ಲಿ ದಾರಿಯ ನಡುವೆ ತಂಗಿದ್ದರಿಂದ.

ಈ ವರ್ಷ ಗೌರಿ ಗಬ್ಬವಾಗಿದ್ದಾಳೆ. ಕುದುರೆಯ ಗಬ್ಬ ಹನ್ನೊಂದು ತಿಂಗಳಿನದು. ಯುಗಾದಿಯ ಆಸುಪಾಸಿಗೆ ಮರಿ ಹಾಕಬೇಕು. ಅಲ್ಲಿಯವರೆಗೆ ಅವಳನ್ನು ವಾಹನ ಹತ್ತಿಸುವುದಿಲ್ಲ, ಯಾವ ಜಾತ್ರೆಯೂ ಇಲ್ಲ. ಹೈದರಾಬಾದಿನಲ್ಲಿ ಮಾಘದಲ್ಲಿ ಇರುವ ಉಪನಯನಕ್ಕೆ ನಾನೊಬ್ಬನೇ ಹೋಗಿಬರುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅತ್ತೆ ಕೇಳಿದರು: "ಕುದುರಿ ಬರೂದಿಲ್ಲಂದ್ರ ನೀನೂ ಈ ಕಡೆ ಬರೂದಿಲ್ಲೇನು?" ಮುಂದಿನ ತಿಂಗಳು ಮೂರು ದಿನಕ್ಕೆ ಹುಬ್ಬಳ್ಳಿಗೆ ರೈಲು ಟಿಕೆಟ್ ತೆಗೆಸಿದ್ದೇನೆ.